ಗುಲಗಂಜಿ ಹುಳು ಜೇನು ತಿನ್ನುತ್ತೆ, ಮೊಟ್ಟೆ ಇಡಲ್ಲ: ತೊಂದರೆ ಎಲ್ಲಿದೆ ಅಂತ ಪತ್ತೆ ಹಚ್ಚುವುದು ಹೇಗೆ

ಕಾಫಿ ತೋಟದ ಹಿಟ್ಟು ತಿಗಣೆಗೆ (ಮೈಮೇಲೆ ಬಿಳಿ ಹಿಟ್ಟಿನಂಥ ಮೇಣ ಇರುವ, ಗಿಡದ ರಸ ಕುಡಿಯುವ ಸಣ್ಣ ಕೀಟ) ಔಷಧಿ ಹೊಡೆಯುವ ಬದಲು ಅದನ್ನು ತಿನ್ನುವ ಗುಲಗಂಜಿ ಹುಳು ಬಿಡುವವರು ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಇದ್ದಾರೆ. ಕೆಲವರು ಹುಳು ಕೊಂಡು ತರುತ್ತಾರೆ. ಕೆಲವರು ಗೋದಾಮಿನ ಮೂಲೆಯಲ್ಲಿ ಸಿಹಿಕುಂಬಳಕಾಯಿ ಇಟ್ಟು, ಅದರ ಮೇಲೆ ತಿಗಣೆ ಬೆಳೆಸಿ, ಅದನ್ನು ತಿನ್ನಿಸಿ ತಾವೇ ಹುಳು ಸಾಕುತ್ತಾರೆ. ಸಾಕುವವರ ಬಾಯಲ್ಲಿ ಬರುವ ದೂರು ಹೆಚ್ಚಾಗಿ ಒಂದೇ: ಹುಳು ಚೆನ್ನಾಗಿದೆ, ಓಡಾಡುತ್ತೆ, ಜೇನು ನೆಕ್ಕುತ್ತೆ, ಆದರೆ ಮರಿ ಕಾಣ್ತಿಲ್ಲ. ಆಗ ಕೈ ತಾನಾಗಿ ಜೇನಿನ ಬಾಟಲಿ ಕಡೆ ಹೋಗುತ್ತದೆ. ಇನ್ನೊಂದು ಚಮಚ ಹಾಕಿದರೆ ಸರಿಹೋಗಬಹುದು ಅಂತ.

ಬಹಳ ಸಲ ಅದು ತಪ್ಪು ಮದ್ದು. ಸಕ್ಕರೆಗೂ ಮೊಟ್ಟೆಗೂ ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ಆದರೆ ನಾವು ಅಂದುಕೊಂಡ ಹಾಗೆ ಇಲ್ಲ.

ಇಲ್ಲಿ ಹೇಳುತ್ತಿರುವುದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಬಗ್ಗೆ. ಸುಮಾರು 4 ಮಿಲಿಮೀಟರ್ ಉದ್ದ, ಕಪ್ಪು ಬೆನ್ನು, ಕಿತ್ತಳೆ ತಲೆ. ದಕ್ಷಿಣ ಭಾರತದ ಕಾಫಿಗೆ ಬೀಳುತ್ತಿದ್ದ ಹಸಿರು ಶಲ್ಕ ಕೀಟವನ್ನು ತಿನ್ನಲಿ ಅಂತ 1898ರಲ್ಲಿ ಇದನ್ನು ಆಸ್ಟ್ರೇಲಿಯಾದಿಂದ ತಂದರು. ಅದು ಇಲ್ಲಿ ಒಗ್ಗಿಕೊಂಡು ನಿಂತದ್ದು ಹಿಟ್ಟು ತಿಗಣೆಯ ಮೇಲೆ.

ಹುಳುವಿನ ಮೈಯಲ್ಲಿ ಸಕ್ಕರೆ ಏನು ಮಾಡುತ್ತದೆ

ಇಷ್ಟು ತಿಳಿದಿದ್ದರೆ ಮುಂದಿನ ಲಕ್ಷಣಗಳು ಸುಲಭವಾಗಿ ಅರ್ಥವಾಗುತ್ತವೆ. ನಮ್ಮ ರಕ್ತದಲ್ಲಿ ಓಡಾಡುವ ಸಕ್ಕರೆ ಗ್ಲೂಕೋಸ್. ಕೀಟಗಳ ರಕ್ತದಲ್ಲಿ ಮುಖ್ಯವಾಗಿ ಇರುವುದು ಟ್ರೆಹಲೋಸ್. ಎರಡು ಗ್ಲೂಕೋಸ್ ಸೇರಿ ಆದ ಸಕ್ಕರೆ ಅದು. ಹೊಟ್ಟೆಯೊಳಗೆ ಬೆಳ್ಳಗೆ ಹರಡಿಕೊಂಡಿರುವ ಕೊಬ್ಬಿನ ಪದರ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕೆಲಸ ಬಿದ್ದ ಕಡೆ ಟ್ರೆಹಲೇಸ್ ಎಂಬ ಕಿಣ್ವ ಅದನ್ನು ಒಡೆದು ಮತ್ತೆ ಗ್ಲೂಕೋಸ್ ಮಾಡುತ್ತದೆ. ಹಾರಲು, ಓಡಾಡಲು, ಪೊರೆ ಕಳಚುವಾಗ ಹೊಸ ಚರ್ಮ ಕಟ್ಟಲು ಬೇಕಾದ ಸಕ್ಕರೆ ಸಿಗುವುದು ಹೀಗೆ. ಮೊಟ್ಟೆಗೂ ಅಷ್ಟೇ.

ಮೊಟ್ಟೆಯೊಳಗಿನ ಹಳದಿ ಸಾರ ಮುಖ್ಯವಾಗಿ ವಿಟೆಲೊಜೆನಿನ್ ಎಂಬ ಪ್ರೋಟೀನ್‌ನಿಂದ ಬರುತ್ತದೆ. ಅದನ್ನು ತಯಾರಿಸುವುದೂ ಅದೇ ಕೊಬ್ಬಿನ ಪದರ. ಅಲ್ಲಿಂದ ರಕ್ತಕ್ಕೆ ಇಳಿದು ಅಂಡಾಶಯ ಸೇರುತ್ತದೆ. ಅಂದರೆ ಸಕ್ಕರೆಯ ಕೆಲಸ, ಮೊಟ್ಟೆ ಸಾರದ ಕೆಲಸ ಎರಡೂ ಒಂದೇ ಅಂಗದ ಹೆಗಲ ಮೇಲಿವೆ. ಚೀನಾದ ಸಂಶೋಧಕರು ಹಾರ್ಮೋನಿಯಾ ಎಂಬ ಇನ್ನೊಂದು ಜಾತಿಯ ಗುಲಗಂಜಿ ಹುಳುವಿನಲ್ಲಿ ಟ್ರೆಹಲೇಸ್ ಜೀನ್‌ಗಳನ್ನು ಅಡಗಿಸಿ ನೋಡಿದ್ದಾರೆ. ಆಗ ವಿಟೆಲೊಜೆನಿನ್ ತಯಾರಿ ಕುಗ್ಗಿತು, ಅಂಡಾಶಯ ಬಲಿಯುವುದು ತಡವಾಯಿತು. ರಕ್ತದಲ್ಲಿ ಸಕ್ಕರೆ ಇದ್ದರೆ ಸಾಲದು. ಅದು ಒಡೆದು ಬಳಕೆಗೆ ಬರಬೇಕು.

ಆದರೆ ಪ್ರೋಟೀನ್ ಎಲ್ಲಿಂದ ಬರಬೇಕು? ಜೇನಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಿಗಣೆ ತಿಂದರೆ ಮಾತ್ರ ಸಿಗುತ್ತದೆ. ಒಲೆಗೆ ಎಷ್ಟೇ ಸೌದೆ ತುಂಬಿದರೂ ಅಕ್ಕಿ ಇಲ್ಲದೆ ಅನ್ನ ಆಗಲ್ಲ. ಅಕ್ಕಿ ಇದ್ದು ಸೌದೆ ಇಲ್ಲದಿದ್ದರೂ ಆಗಲ್ಲ. ಜೇನು ಸೌದೆ, ತಿಗಣೆ ಅಕ್ಕಿ. ತಿಗಣೆಯ ಮೈಯಲ್ಲೂ ಒಂದಿಷ್ಟು ಸಕ್ಕರೆ ಇರುತ್ತದೆ, ಗಿಡದ ರಸ ಕುಡಿದೇ ಬೆಳೆದ ಜೀವ ಅಲ್ವಾ. ಹಾಗಾಗಿ ಬಲಿತ ತಿಗಣೆ ಸಾಕಷ್ಟು ತಿನ್ನುವ ಹುಳುವಿಗೆ ಸಕ್ಕರೆಯ ಕೊರತೆ ಸುಲಭವಾಗಿ ಬರುವುದಿಲ್ಲ.

ಲಕ್ಷಣ: ಹುಳು ಚುರುಕಾಗಿದೆ, ಆದರೆ ಮರಿ ಕಾಣುತ್ತಿಲ್ಲ

ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ.

ಮೊದಲು ವಯಸ್ಸು. ಕೋಶದಿಂದ ಹೊರಬಂದ ಹೆಣ್ಣು ಮರುದಿನವೇ ಮೊಟ್ಟೆ ಇಡುವುದಿಲ್ಲ. ಕೂಡಬೇಕು, ಮೈ ಗಟ್ಟಿಯಾಗಬೇಕು, ಅಂಡಾಶಯ ಬಲಿಯಬೇಕು. ಸಾಕಣೆ ಕೇಂದ್ರಗಳಲ್ಲಿ ಹೊಸ ಹುಳುಗಳನ್ನು 10ರಿಂದ 15 ದಿನ ಬೇರೆ ಗೂಡಿನಲ್ಲಿ ಇಟ್ಟು, ಆಮೇಲೆ ತಿಗಣೆ ಹತ್ತಿದ ಕಾಯಿಗೆ ಬಿಡುವುದು ಇದಕ್ಕೇ. ನಿಮ್ಮದು ಬಂದು ವಾರವೂ ಆಗಿಲ್ಲ ಅಂದರೆ ದೋಷವೇ ಇಲ್ಲ. ಸುಮ್ನೆ ಕಾಯಿರಿ.

ಎರಡನೆಯದು ಗಂಡು, ಹೆಣ್ಣು. ಹುಳುವನ್ನು ಗಾಜಿನ ಲೋಟದಲ್ಲಿ ಹಾಕಿ ತಳದಿಂದ ನೋಡಿ. ಮುಂದಿನ ಜೋಡಿ ಕಾಲು ಕಂದು ಹಳದಿ ಇದ್ದರೆ ಗಂಡು, ಕಪ್ಪು ಬೂದು ಇದ್ದರೆ ಹೆಣ್ಣು. ಹಿಂದಿನ ಕಾಲುಗಳು ಎರಡರಲ್ಲೂ ಕಪ್ಪೇ, ಅವನ್ನು ನೋಡಿ ಮೋಸ ಹೋಗಬೇಡಿ. ಹತ್ತಾರು ಹುಳು ತಂದಾಗ ಗಂಡೇ ಜಾಸ್ತಿ ಬಂದಿರುವುದು ಉಂಟು.

ಮೂರನೆಯದು, ಮೊಟ್ಟೆ ನಿಜವಾಗಿ ಇಲ್ಲವೋ ಅಥವಾ ನಿಮಗೆ ಕಾಣುತ್ತಿಲ್ಲವೋ? ಹಾಸನದ ಕಡೆ ಅಲಸಂದೆ, ಹುರುಳಿಕಾಯಿ ಹೊಲದಲ್ಲಿ ಹೇನು ತಿನ್ನುವ ಗುಲಗಂಜಿ ಹುಳುಗಳು ಎಲೆಯ ಹಿಂದೆ ಹಳದಿ ಮೊಟ್ಟೆಗಳನ್ನು ಗುಂಪಾಗಿ ನಿಲ್ಲಿಸಿ ಇಡುತ್ತವೆ, ದೂರದಿಂದಲೇ ಕಾಣುತ್ತದೆ. ಕ್ರಿಪ್ಟೋಲೀಮಸ್ ಹಾಗಲ್ಲ. ಅದು ತಿಗಣೆಯ ಹತ್ತಿಯಂಥ ಮೊಟ್ಟೆ ಚೀಲದೊಳಗೆ ತೂರಿಸಿ ಇಡುತ್ತದೆ. ಆ ಬಿಳಿ ಚೀಲವನ್ನು ಸೂಜಿ ಮೊನೆಯಿಂದ ಮೆಲ್ಲಗೆ ಬಿಡಿಸಿ, ಭೂತಗನ್ನಡಿ ಹಿಡಿಯಿರಿ. ಸಣ್ಣ ಸಣ್ಣ ಕಾಳಿನ ಹಾಗೆ ರಾಶಿ ಬಿದ್ದಿರುವುದು ತಿಗಣೆಯ ಮೊಟ್ಟೆ. ಅವುಗಳ ನಡುವೆ ಒಂಟಿಯಾಗಿಯೋ ಎರಡು ಮೂರು ಸೇರಿಯೋ ಅದಕ್ಕಿಂತ ದೊಡ್ಡದಾಗಿ, ಉದ್ದಕ್ಕೆ, ತಿಳಿ ಹಳದಿಯಾಗಿ, ಹೊಳಪಾಗಿ ಇರುವುದು ಗುಲಗಂಜಿಯ ಮೊಟ್ಟೆ. ನಾಲ್ಕೈದು ಚೀಲ ಬಿಡಿಸಿ ನೋಡದೆ "ಮೊಟ್ಟೆ ಇಲ್ಲ" ಅನ್ನಬಾರದು.

ಇನ್ನೊಂದು ಎಚ್ಚರ. ಅದರ ಮರಿಹುಳುವಿನ ಮೈಮೇಲೆ ಬಿಳಿ ಮೇಣದ ಎಳೆಗಳಿರುತ್ತವೆ. ನೋಡಿದರೆ ದೊಡ್ಡ ಹಿಟ್ಟು ತಿಗಣೆಯೇ ಅನ್ನಿಸುತ್ತದೆ. ಕೆಲಸದವರು ತಿಗಣೆ ಅಂದುಕೊಂಡು ಒರೆಸಿ ಹಾಕಿರಬಹುದು, ಕೇಳಿ ನೋಡಿ. ಕಡ್ಡಿಯಿಂದ ಮುಟ್ಟಿದಾಗ ಸರಸರ ಓಡಿದರೆ ಅದು ನಿಮ್ಮ ಮರಿಹುಳು.

ಲಕ್ಷಣ: ಜೇನು ಚೆನ್ನಾಗಿ ತಿನ್ನುತ್ತದೆ, ಹೊಟ್ಟೆಯೂ ತುಂಬಿದೆ, ಚೀಲದಲ್ಲಿ ಮೊಟ್ಟೆ ಮಾತ್ರ ಇಲ್ಲ

ಅತಿ ಹೆಚ್ಚು ಗೊಂದಲ ಮಾಡುವ ಲಕ್ಷಣ ಇದು. ಹೊಟ್ಟೆ ತುಂಬಿರುವುದಕ್ಕೆ ಮೂರು ಕಾರಣ ಇರಬಹುದು. ಕುಡಿದ ಜೇನು ಇರಬಹುದು, ಕೊಬ್ಬು ಇರಬಹುದು, ಹೊರಬರದೆ ನಿಂತ ಮೊಟ್ಟೆ ಇರಬಹುದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ.

ಬರೀ ಸಿಹಿ ಸಿಕ್ಕಿ ತಿಗಣೆ ಸಿಗದಿದ್ದರೆ ಹುಳು ಆ ಸಕ್ಕರೆಯನ್ನು ಗ್ಲೈಕೋಜನ್ ಮತ್ತು ಕೊಬ್ಬಾಗಿ ಕೂಡಿಡುತ್ತದೆ. ಪ್ರಾಣ ಹಿಡಿದುಕೊಂಡು ಒಳ್ಳೆಯ ಕಾಲ ಬರಲಿ ಅಂತ ಕಾಯುತ್ತದೆ. ಅಂಡಾಶಯ ದಾರದ ಎಳೆಯ ಹಾಗೆ ಸಣ್ಣಗೇ ಉಳಿಯುತ್ತದೆ. ಇಂಥ ಹುಳುವಿಗೆ ಇನ್ನಷ್ಟು ಜೇನು ಕೊಟ್ಟರೆ ಇನ್ನಷ್ಟು ಕೊಬ್ಬು, ಅಷ್ಟೇ.

ಮೊದಲು ಕುಂಬಳಕಾಯಿ ನೋಡಿ. ತಿಗಣೆ ಹತ್ತಿಸಿ ಎಷ್ಟು ದಿನವಾಯಿತು? ಸುಮಾರು ಎರಡು ವಾರವಾದರೂ ಬೇಕು. ಆಗ ತಿಗಣೆ ಬಲಿತು ಹತ್ತಿ ಚೀಲ ಕಟ್ಟಿರುತ್ತದೆ. ಎಳೆ ತಿಗಣೆ ಎಷ್ಟೇ ಇದ್ದರೂ ಚೀಲ ಇಲ್ಲದಿದ್ದರೆ ಹೆಣ್ಣು ಮೊಟ್ಟೆ ಇಡಲು ಮನಸ್ಸು ಮಾಡುವುದಿಲ್ಲ. ಆ ಹತ್ತಿಯೇ ಅದಕ್ಕೆ ಇಡಬಹುದು ಎಂಬ ಸೂಚನೆ. ಜಾಗ ಸಿಗದೆ ಬಹಳ ದಿನ ಕಳೆದರೆ ಗುಲಗಂಜಿ ಹುಳುಗಳು ಬಲಿಯುತ್ತಿದ್ದ ಮೊಟ್ಟೆಯ ಸಾರವನ್ನು ಮೈಗೇ ಹೀರಿಕೊಳ್ಳುತ್ತವೆ.

ಆಮೇಲೆ ಚಳಿ. ಇದಕ್ಕೆ 22ರಿಂದ 27 ಡಿಗ್ರಿ ಹಿತ. ಮಳೆಗಾಲದಲ್ಲಿ ಕೊಪ್ಪ, ಕಳಸದ ಕಡೆ ಗೋದಾಮು ಎಷ್ಟು ತಣ್ಣಗಿರುತ್ತದೆ ಅಂತ ನಿಮಗೆ ಗೊತ್ತು. 20ರ ಕೆಳಗೆ ಇಳಿದರೆ ಎಲ್ಲ ನಿಧಾನ, 16ರ ಹತ್ತಿರ ಹುಳು ಮಂಕಾಗಿ ಕೂರುತ್ತದೆ. ತಿನ್ನುವುದು, ಜೀರ್ಣ ಮಾಡುವುದು, ಸಕ್ಕರೆ ಒಡೆಯುವುದು, ಮೊಟ್ಟೆ ಬಲಿಯುವುದು ಎಲ್ಲವೂ ಬಿಸಿಯನ್ನೇ ನಂಬಿದ ಕೆಲಸ. ಒಂದು ಥರ್ಮಾಮೀಟರ್ ಗೂಡಿನೊಳಗೆ ತೂಗುಹಾಕಿ, ಬೆಳಗಿನ ಜಾವದ ಅಂಕಿ ಬರೆದಿಡಿ. ಮಧ್ಯಾಹ್ನದ ಅಂಕಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಇಷ್ಟಾದರೂ ಕಾರಣ ಸಿಗದಿದ್ದರೆ ಒಂದು ಹೆಣ್ಣನ್ನು ಕಳೆದುಕೊಳ್ಳಲು ಮನಸ್ಸು ಮಾಡಿ. ನಾನು ಇದನ್ನು ಹಗುರವಾಗಿ ಹೇಳುತ್ತಿಲ್ಲ. ನೂರು ಹುಳುವಿನ ಗೂಡನ್ನು ಉಳಿಸಲು ಇದಕ್ಕಿಂತ ಖಚಿತವಾದ ದಾರಿ ಮನೆಯಲ್ಲಿ ಇಲ್ಲ. ಹುಳುವನ್ನು ಫ್ರೀಜರ್‌ನಲ್ಲಿ ಇಟ್ಟು ಸಾಯಿಸಿ. ಒಂದು ತಟ್ಟೆಯಲ್ಲಿ ಸ್ವಲ್ಪ ಉಪ್ಪುನೀರು ಹಾಕಿ ಅದರಲ್ಲಿ ಬೆನ್ನು ಮೇಲೆ ಮಾಡಿ ಇಡಿ. ರೆಕ್ಕೆಯ ಚಿಪ್ಪು ತೆಗೆದು, ಎರಡು ಸೂಜಿಯಿಂದ ಹೊಟ್ಟೆಯ ಮೇಲಿನ ತೆಳು ಪೊರೆ ಬಿಡಿಸಿ. ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಸಾಕು. ಹಳದಿ ಮಣಿ ಪೋಣಿಸಿದಂತೆ ಮೊಟ್ಟೆಗಳು ಕಂಡರೆ ಅಂಡಾಶಯ ಸರಿ ಇದೆ, ಇಡುವ ಜಾಗ ಅಥವಾ ಬಿಸಿ ಸರಿಯಿಲ್ಲ. ನೀರಿನ ಚೀಲದಂತೆ ಉಬ್ಬಿದ ಜಠರ ಮಾತ್ರ ಕಂಡರೆ ಅದು ಜೇನಿನ ತುಂಬು. ಬೆಳ್ಳಗೆ, ಮುದ್ದೆ ಮುದ್ದೆಯಾಗಿ ಕೊಬ್ಬು ತುಂಬಿ, ಅಂಡಾಶಯದ ಎಳೆಗಳು ಹುಡುಕಿದರೂ ಸಿಗದಷ್ಟು ಸಣ್ಣಗಿದ್ದರೆ ಹುಳುವಿಗೆ ತಿಗಣೆ ಸಾಲುತ್ತಿಲ್ಲ. ಕೊಬ್ಬೂ ಇಲ್ಲ, ಮೊಟ್ಟೆಯೂ ಇಲ್ಲ, ಒಳಗೆ ಖಾಲಿ ಅಂದರೆ ಎರಡೂ ಸಾಲುತ್ತಿಲ್ಲ.

ಲಕ್ಷಣ: ಮೊದಲು ಇಡುತ್ತಿತ್ತು, ಈಗ ಕಡಿಮೆಯಾಗಿದೆ, ಹುಳು ಸುಸ್ತಾಗಿ ತಳಕ್ಕೆ ಬೀಳುತ್ತಿದೆ

ಇಲ್ಲಿ ಸಕ್ಕರೆಯ ಮೇಲೆ ಅನುಮಾನ ಪಡುವುದು ಸರಿ. ಗೂಡು ಕಿಟಕಿಯ ಪಕ್ಕ ಇದೆಯೇ? ಹುಳು ಬೆಳಕಿನ ಕಡೆ ಇಡೀ ದಿನ ಹಾರಿ ಹಾರಿ ಬಲೆಗೆ ಬಡಿದುಕೊಳ್ಳುತ್ತದೆ. ರಕ್ತದ ಟ್ರೆಹಲೋಸ್ ಹಾರುವುದಕ್ಕೇ ಉರಿದು ಹೋಗುತ್ತದೆ, ಅಂಡಾಶಯಕ್ಕೆ ಉಳಿಯುವುದು ಅಷ್ಟಕ್ಕಷ್ಟೇ. ಗೂಡನ್ನು ಒಂದು ಮೂಲೆಗೆ ಸರಿಸಿ, ಮೂರು ನಾಲ್ಕು ದಿನ ನೋಡಿ. ಕಾಸು ಖರ್ಚಿಲ್ಲ.

ಆಹಾರದ ಕಾರ್ಡ್ ನೋಡಿ. ಸಾಮಾನ್ಯವಾಗಿ ಬಳಸುವ ಅಳತೆ ಹೀಗಿದೆ: 100 ಮಿಲಿ ನೀರು, 20 ಗ್ರಾಂ ಸಕ್ಕರೆ, 40 ಮಿಲಿ ಜೇನು, 1 ಗ್ರಾಂ ಅಗರ್ ಪುಡಿ. ಕುದಿಸಿ, ಬಿಸಿ ಇರುವಾಗಲೇ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಹನಿ ಹನಿ ಹಾಕಿದರೆ ಗಟ್ಟಿಯಾಗುತ್ತದೆ. ಆ ಹನಿ ಒಣಗಿ ಚಕ್ಕೆಯಾಗಿದ್ದರೆ ಹುಳುವಿಗೆ ನೆಕ್ಕಲು ಆಗುವುದಿಲ್ಲ. ಹುಳಿ ವಾಸನೆ ಬಂದಿದ್ದರೆ ಬಿಸಾಡಿ. ಅಗರ್ ಬಿಟ್ಟು ಸುಮ್ನೆ ಜೇನು ಸವರಿದರೆ ಹುಳುವಿನ ಕಾಲು, ರೆಕ್ಕೆ ಅಂಟಿ ಅಲ್ಲೇ ಸಾಯುತ್ತದೆ. ಕಾರ್ಡಿನ ಮೇಲೆ ಇರುವೆ ಸಾಲು ಕಂಡರೆ ಗೂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡಿ.

ವಯಸ್ಸನ್ನೂ ಮರೆಯಬೇಡಿ. ದೊಡ್ಡ ಹುಳುವಿನ ಆಯುಸ್ಸು ಹೆಚ್ಚುಕಡಿಮೆ ಎರಡು ತಿಂಗಳು. ಮುದಿ ಹುಳುವಿನಲ್ಲಿ ಮೊಟ್ಟೆ ಕಡಿಮೆಯಾದರೆ ಅದಕ್ಕೆ ಮದ್ದು ಇಲ್ಲ.

ಮೂರು ಡಬ್ಬಿಯ ಪರೀಕ್ಷೆ

ಸಕ್ಕರೆಯ ತೊಂದರೆಯೋ, ತಿಗಣೆಯ ತೊಂದರೆಯೋ ಅಂತ ಬಾಯಿಮಾತಿನಲ್ಲಿ ವಾದ ಮಾಡುವುದಕ್ಕಿಂತ ಇದನ್ನು ಮಾಡಿ. ಒಂದೇ ವಯಸ್ಸಿನ, ಗಂಡಿನ ಜೊತೆ ಇದ್ದ ಹೆಣ್ಣುಗಳನ್ನು ಆರಿಸಿ ಮೂರು ಡಬ್ಬಿಗೆ ಸಮನಾಗಿ ಹಂಚಿ. ಮುಚ್ಚಳಕ್ಕೆ ತೆಳು ಬಟ್ಟೆ ಕಟ್ಟಿ. ಮೂರಕ್ಕೂ ಒದ್ದೆ ಹತ್ತಿ ಇಡಿ, ಬಾಯಾರಿಕೆಯಿಂದ ಫಲಿತಾಂಶ ಕೆಡಬಾರದು. ಮೊದಲ ಡಬ್ಬಿಗೆ ಚೀಲ ಕಟ್ಟಿದ ತಿಗಣೆ ಮತ್ತು ಜೇನು ಕಾರ್ಡ್. ಎರಡನೆಯದಕ್ಕೆ ತಿಗಣೆ ಮಾತ್ರ. ಮೂರನೆಯದಕ್ಕೆ ಜೇನು ಮಾತ್ರ, ಜೊತೆಗೆ ತಿಗಣೆ ತೆಗೆದ ಖಾಲಿ ಹತ್ತಿ ಚೀಲ. ಮೂರನ್ನೂ ಒಂದೇ ಕಡೆ, ಒಂದೇ ಬಿಸಿಯಲ್ಲಿ ಒಂದು ವಾರ ಇಡಿ. ತಿಗಣೆ ಮುಗಿದರೆ ಮತ್ತೆ ಹಾಕಿ.

ಮೊದಲ ಎರಡೂ ಡಬ್ಬಿಯಲ್ಲಿ ಮೊಟ್ಟೆ ಬಂದು ಮೂರನೆಯದರಲ್ಲಿ ಬರದಿದ್ದರೆ ನಿಮ್ಮ ಹುಳು ಆರೋಗ್ಯವಾಗಿದೆ. ದೊಡ್ಡ ಗೂಡಿನಲ್ಲಿ ತಿಗಣೆ ಸಾಲುತ್ತಿಲ್ಲ ಅಥವಾ ಚೀಲ ಬಲಿತಿಲ್ಲ. ಮೊದಲನೆಯದರಲ್ಲಿ ಮೊಟ್ಟೆ, ಎರಡನೆಯದರಲ್ಲಿ ಬಹಳ ಕಡಿಮೆ ಅಂದರೆ ತಿಗಣೆ ಸೊರಗಿರಬಹುದು. ಕಾಯಿ ಒಣಗಿದಾಗ, ಕೊಳೆತಾಗ ಹಾಗೆ ಆಗುತ್ತದೆ. ಅಂಥ ಕಡೆ ಜೇನು ನಿಜವಾಗಿ ಆಸರೆ ಕೊಡುತ್ತದೆ. ಮೂರರಲ್ಲೂ ಒಂದೂ ಇಲ್ಲ ಅಂದರೆ ಊಟದ ವಿಷಯ ಬಿಡಿ. ಚಳಿ, ಔಷಧಿಯ ಅಂಶ, ತಳಿಯ ದೋಷ ಇವುಗಳ ಕಡೆ ತಿರುಗಿ.

ಲಕ್ಷಣ: ಮೊಟ್ಟೆ ಇದೆ, ಒಡೆಯುತ್ತಿಲ್ಲ

ಹಿತವಾದ ಬಿಸಿಯಲ್ಲಿ ಐದಾರು ದಿನಕ್ಕೆ ಮರಿ ಬರಬೇಕು. ಮೊಟ್ಟೆ ಸುಕ್ಕುಗಟ್ಟಿದ್ದರೆ ಗಾಳಿ ತೀರಾ ಒಣಗಿದೆ, ಅಥವಾ ಹೆಣ್ಣು ಗಂಡಿನ ಜೊತೆ ಕೂಡಿಲ್ಲ. ಬೂಸ್ಟು ಹಿಡಿದಿದ್ದರೆ ಗೂಡಿಗೆ ಗಾಳಿ ಆಡುತ್ತಿಲ್ಲ. ಚಿಪ್ಪು ಮಾತ್ರ ಉಳಿದಿದ್ದರೆ ದೊಡ್ಡವೇ ತಿಂದಿವೆ. ತಿಗಣೆ ಕಡಿಮೆಯಾದಾಗ ಗುಲಗಂಜಿ ಹುಳು ತನ್ನ ಮೊಟ್ಟೆಯನ್ನೂ ಬಿಡುವುದಿಲ್ಲ. ಇದೇ ಕಾರಣಕ್ಕೆ ದೊಡ್ಡ ಹುಳುಗಳನ್ನು ಒಂದು ಕಾಯಿಯ ಮೇಲೆ ಒಂದು ದಿನ ಮಾತ್ರ ಬಿಟ್ಟು ಮುಂದಿನ ಕಾಯಿಗೆ ಸಾಗಿಸುವುದು.

ಇವು ಯಾವುದೂ ಅಲ್ಲದಿದ್ದರೆ ತಿಗಣೆ ಎಲ್ಲಿಂದ ತಂದಿರಿ ಅಂತ ಯೋಚಿಸಿ. ಬುಪ್ರೊಫೆಜಿನ್ ಹೊಡೆದ ತೋಟದಿಂದ ತಂದದ್ದೇ? ಅದು ಕೀಟದ ಚರ್ಮ ಕಟ್ಟುವ ಕೈಟಿನ್ ತಯಾರಿಯನ್ನು ತಡೆಯುವ ಔಷಧಿ. ದೊಡ್ಡ ಹುಳು ಸಾಯದೆ ಆರಾಮಾಗಿ ಓಡಾಡಬಹುದು, ಆದರೆ ಮೊಟ್ಟೆ ಒಡೆಯುವುದರಲ್ಲಿ, ಮರಿ ಪೊರೆ ಕಳಚುವುದರಲ್ಲಿ ತೊಂದರೆ ಕಾಣಿಸುತ್ತದೆ. ಸತ್ತ ಹುಳು ಇಲ್ಲ ಅಂದಮಾತ್ರಕ್ಕೆ ಔಷಧಿ ಇಲ್ಲ ಅಂತ ತೀರ್ಮಾನಿಸಬಾರದು.

ಗದ್ದೆ ಇರುವವರಿಗೆ ಒಂದು ಮಾತು. ಭತ್ತದ ಎಲೆಕವಚ ರೋಗಕ್ಕೆ ಹೊಡೆಯುವ ವ್ಯಾಲಿಡಾಮೈಸಿನ್ ಕೆಲಸ ಮಾಡುವುದು ಶಿಲೀಂಧ್ರದ ಟ್ರೆಹಲೇಸ್ ಕಿಣ್ವವನ್ನು ಕಟ್ಟಿಹಾಕಿ. ಕೀಟದ ಮೈಯಲ್ಲಿ ಸಕ್ಕರೆ ಒಡೆಯುವುದೂ ಟ್ರೆಹಲೇಸೇ. ಪ್ರಯೋಗಾಲಯದಲ್ಲಿ ಕೀಟಗಳ ಟ್ರೆಹಲೋಸ್ ಬಳಕೆಯನ್ನು ತಡೆದು ನೋಡಲು ಈ ಔಷಧಿಯನ್ನೇ ಬಳಸುತ್ತಾರೆ. ಹಾಗಾಗಿ ಅದನ್ನು ಬೆರೆಸಿದ ಬಕೆಟ್, ಸ್ಪ್ರೇಯರ್, ಅಳತೆ ಲೋಟ ಯಾವುದನ್ನೂ ಹುಳುವಿನ ಕೋಣೆಗೆ ತರಬೇಡಿ.

ಲಕ್ಷಣ: ಗೂಡಿನಲ್ಲಿ ಎಲ್ಲ ಸರಿ, ತೋಟಕ್ಕೆ ಬಿಟ್ಟ ಮೇಲೆ ಮಾಯ

ಬಿಟ್ಟ ಗಿಡದ ಬುಡದಲ್ಲಿ ಹತ್ತು ನಿಮಿಷ ನಿಂತು ಇರುವೆ ನೋಡಿ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ತಿಗಣೆಯನ್ನು ಕಾಯುತ್ತವೆ, ಗುಲಗಂಜಿಯನ್ನು ಓಡಿಸುತ್ತವೆ. ತೋಟದಲ್ಲಿ ಹುಳುವಿಗೆ ಸಿಹಿ ಸಿಗುವುದು ಆ ಅಂಟಿನಿಂದ ಮತ್ತು ಹೂವಿನಿಂದ. ಇರುವೆ ಹಿಡಿತ ಕೂತರೆ ಊಟವೂ ಹೋಯಿತು, ಸಿಹಿಯೂ ಹೋಯಿತು. ಮೊದಲು ಇರುವೆ ಗೂಡು ಹತೋಟಿಗೆ ತನ್ನಿ, ಆಮೇಲೆ ಹುಳು ಬಿಡಿ. ಬುಡದ ಕಳೆ ಹೂವನ್ನೆಲ್ಲ ಒಂದೇ ಸಲ ಸವರಬೇಡಿ. ಕೋಶದಿಂದ ಆಗಷ್ಟೇ ಬಂದ ಹುಳುವನ್ನು ಬಿಡುವುದೂ ನಷ್ಟವೇ, ಕೂಡಿ ಮೊಟ್ಟೆಗೆ ತಯಾರಾದ ಹುಳು ತಿಗಣೆ ಇದ್ದ ಕಡೆ ನಿಲ್ಲುತ್ತದೆ.

ಹಾಸನದ ಆಲೂಗಡ್ಡೆ ಬೆಳೆಗಾರರು ಇದನ್ನು ಗಮನಿಸಬೇಕು. ಆಲೂಗಡ್ಡೆ, ಬದನೆ ಎಲೆಯನ್ನು ಕೆರೆದು ಜರಡಿ ಮಾಡುವ, ಮಂಕು ಬಣ್ಣದ, ತುಂಬಾ ಚುಕ್ಕೆಯ ಹುಳು ಕೂಡ ಗುಲಗಂಜಿ ಕುಲದ್ದೇ. ಅದು ತಿಗಣೆ ತಿನ್ನುವುದಿಲ್ಲ. ಹಿಡಿದು ತಂದು ಗೂಡಿಗೆ ಹಾಕಿದರೆ ಎಂದೂ ಮೊಟ್ಟೆ ಸಿಗದು.

ಎಚ್ಚರಿಕೆ

ಕುಂಬಳಕಾಯಿ ಕೊಳೆಯದಿರಲಿ ಅಂತ ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಅದ್ದುವಾಗ ಕೈಗವಸು ಹಾಕಿ. ಕೆಲಸ ಮುಗಿದ ಆ ಕಾಯಿಯನ್ನು ದನಕ್ಕೆ ಹಾಕಬೇಡಿ, ಮನೆಯಲ್ಲಿ ಪಲ್ಯಕ್ಕೂ ಬೇಡ. ತಿಪ್ಪೆಗೂ ಎಸೆಯಬೇಡಿ, ಉಳಿದ ತಿಗಣೆ ತೋಟಕ್ಕೆ ಹರಡುತ್ತದೆ. ಗೋಣಿಚೀಲದಲ್ಲಿ ಕಟ್ಟಿ ಆಳವಾಗಿ ಹೂಳಿ. ಗೂಡು ಒರೆಸುವಾಗ ಮೇಣದ ಪುಡಿ, ಬೂಸ್ಟು ಏಳುತ್ತದೆ, ಮಾಸ್ಕ್ ಬೇಕು. ಹುಳು ಹೆದರಿದಾಗ ಕಾಲಿನ ಸಂದಿನಿಂದ ಹಳದಿ ರಸ ಬಿಡುತ್ತದೆ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಕೋಣೆಯೊಳಗೆ ಹೋದಾಗಲೆಲ್ಲ ಸೀನು, ಉಬ್ಬಸ ಬರುವವರು ಕೆಲಸ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಚಳಿಗೆ ಬಲ್ಬ್ ಹಾಕುವವರು ಅದನ್ನು ಮರದ ಗೂಡಿನೊಳಗೆ ಇಡಬೇಡಿ, ಬಟ್ಟೆಗೂ ತಾಗಿಸಬೇಡಿ. ಕೆಂಡದ ಬಾಣಲೆ ಮುಚ್ಚಿದ ಕೋಣೆಯಲ್ಲಿ ಖಂಡಿತ ಬೇಡ.

ಎಲ್ಲಿಗೆ ನಿಲ್ಲಿಸಿ ಸಹಾಯ ಕೇಳಬೇಕು

ಮೂರು ಡಬ್ಬಿಯಲ್ಲೂ ಮೊಟ್ಟೆ ಬರದಿದ್ದರೆ, ಹುಳುಗಳು ಒಟ್ಟಿಗೆ ಸಾಯತೊಡಗಿದರೆ, ಅಥವಾ ತಲೆಮಾರಿನಿಂದ ತಲೆಮಾರಿಗೆ ಮೊಟ್ಟೆ ಇಳಿಯುತ್ತಲೇ ಇದ್ದರೆ ಮನೆಮದ್ದು ನಿಲ್ಲಿಸಿ, ಸಹಾಯ ಕೇಳಿ. ಕೊನೆಯದಕ್ಕೆ ಕಾರಣ ಒಂದೇ ಬಳಗದೊಳಗೆ ಕೂಡಿ ಕೂಡಿ ತಳಿ ಸೊರಗಿರುವುದು ಇರಬಹುದು, ಹೊಸ ಹುಳು ಬೆರೆಸಬೇಕಾಗುತ್ತದೆ. ಚಿಕ್ಕಮಗಳೂರಿನವರಿಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಇದೆ.

ಬರಿಗೈಲಿ ಹೋಗಬೇಡಿ. ಬದುಕಿರುವ ಹತ್ತು ಹುಳು, ಸತ್ತ ಕೆಲವು, ತಿಗಣೆ ಹತ್ತಿದ ಕಾಯಿಯ ಒಂದು ತುಂಡು, ಆಹಾರದ ಕಾರ್ಡ್, ಬೆಳಗಿನ ಬಿಸಿಯ ಅಂಕಿ ಬರೆದ ಚೀಟಿ ಜೊತೆಗಿರಲಿ. ತೋಟಕ್ಕೆ ಇತ್ತೀಚೆಗೆ ಹೊಡೆದ ಔಷಧಿಗಳ ಲೇಬಲ್‌ಗಳ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ತಿಗಣೆಯ ತುಂಡನ್ನು ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ, ದಾರಿಯಲ್ಲಿ ಬೇರೆಯವರ ತೋಟಕ್ಕೆ ಉದುರಬಾರದು. ಹುಳುವಿನ ಡಬ್ಬಿಯನ್ನು ಬಿಸಿಲು ಬೀಳುವ ಕಾರಿನ ಸೀಟಿನ ಮೇಲೆ ಬಿಡಬೇಡಿ.